ಪರದೆ ನೋಡಿ ಬರೆದ ವರದಿ

ಮಕ್ಕಳ ಮತ್ತು ಕುಟುಂಬ ಕಲ್ಯಾಣದ ಹೊಣೆ ಹೊತ್ತಿರುವ ಮಾನ್ಯರೇ,

ನನ್ನ ತಂಗಿಯ ಮಗಳನ್ನು ಅವಳ ಮನೆಯಲ್ಲೇ ಬೆಳೆಸಲು ನಿಮ್ಮ ಇಲಾಖೆಯಲ್ಲಿ ಅನುದಾನವಿಲ್ಲ. ಅದೇ ಮಗುವನ್ನು ಮನೆಯಿಂದ ಎತ್ತಿಕೊಂಡು ಹೋಗಿ ನಿಮ್ಮ ಪಾಲನಾ ಗೃಹದಲ್ಲಿ ಬೆಳೆಸಲು ಧಾರಾಳವಾಗಿ ಇದೆ. ಇದು ಹೇಗೆ ಎಂದು ಕೇಳಲು ನಿಮ್ಮ ಕಚೇರಿಗೇ ಬಂದಿದ್ದೆ. ಮೊದಲ ಮೇಜಿನವರು ಪಕ್ಕದ ಮೇಜು ತೋರಿಸಿದರು. ಪಕ್ಕದ ಮೇಜಿನವರು ಊಟಕ್ಕೆ ಹೋಗಿದ್ದರು. ಮೂಲೆಯಲ್ಲಿದ್ದ ಗುಮಾಸ್ತರು ಕನಿಕರದಿಂದಲೇ ವಿವರಿಸಿದರು: "ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ. ಇದರ ದುಡ್ಡು ಅದಕ್ಕೆ ಬರಲ್ಲಮ್ಮ." ಮಗು ಒಂದೇ ಅಲ್ವಾ ಸ್ವಾಮಿ, ಎಂದೆ. ಅದಕ್ಕೆ ಉತ್ತರ ಕೊಡುವ ಮೇಜು ಅಲ್ಲಿ ಇದ್ದಂತೆ ಕಾಣಲಿಲ್ಲ. ಬರುವ ವಾರ ನಿಮ್ಮ ಸಮಿತಿ ಕೂತು ಆ ಮಗು ಇನ್ನು ಕಾಯಮ್ಮಾಗಿ ಅಲ್ಲೇ ಇರಬೇಕೋ, ತಾಯಿಯ ಹತ್ತಿರ ಬರಬೇಕೋ ಎಂದು ತೀರ್ಮಾನಿಸಲಿದೆ. ಅಷ್ಟರೊಳಗೆ ನಾಲ್ಕು ಜನರ ಎದುರು ಕೇಳುವುದೇ ಒಳ್ಳೆಯದೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಲಾಂಡ್ರಿ ಇಟ್ಟುಕೊಂಡವಳು. ಅನುಮಾನ ನನ್ನ ಕಸುಬಿನ ಜೊತೆಗೇ ಬಂದ ಗುಣ. ಅಂಗಿಯ ಮೇಲೆ ಕಲೆ ಕಂಡರೆ ಅದು ಚಹಾದ್ದೋ, ತುಕ್ಕಿನದ್ದೋ, ರಕ್ತದ್ದೋ ಎಂದು ಗೊತ್ತಾಗದೆ ನೀರಿಗೆ ಹಾಕುವವಳಲ್ಲ. ಗಿರಾಕಿ "ಬರೀ ಚಹಾ ಕಣಮ್ಮ" ಅಂದರೂ ಒಮ್ಮೆ ಮೂಸಿ ನೋಡುತ್ತೇನೆ. ಈಗ ನಿಮ್ಮ ಇಲಾಖೆಯನ್ನೂ ಹಾಗೇ ಮೂಸಿ ನೋಡುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನನ್ನ ತಂಗಿಗೆ ಆಗಾಗ ಮೂರ್ಛೆ ಬರುತ್ತದೆ. ಮಾತ್ರೆ ತಪ್ಪದಿದ್ದರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ತಪ್ಪಿದರೆ ನಿಂತಲ್ಲೇ ಬೀಳುತ್ತಾಳೆ. ಅವಳ ಗಂಡ ಎನ್ನುವವನು ಎರಡನೆಯ ಸಲ ಅವಳು ಬಿದ್ದಾಗಲೇ ಕೈ ತೊಳೆದುಕೊಂಡು ಹೋದ. ಉಳಿದದ್ದು ನಾಲ್ಕು ವರ್ಷದ ಮಗಳು. ಯಾರ ಸೊಂಟ ಸಿಕ್ಕರೂ ಅಂಟಿಕೊಳ್ಳುವ ಆ ಪುಟ್ಟಿಯನ್ನು ಬೀದಿಯವರೆಲ್ಲ ಗೋಂದು ಎಂದೇ ಕರೆಯುತ್ತಾರೆ. ಅವರ ಮನೆಯಿಂದ ಬೀದಿಯ ತಿರುವಿನಲ್ಲಿರುವ ನನ್ನ ಅಂಗಡಿ ಕೂಗಳತೆಯ ದೂರ. ಆದರೆ ಬಾಯ್ಲರ್ ಹೊತ್ತಿಸಿದ ಮೇಲೆ ಯಾರು ಕೂಗಿದರೂ ನನಗೆ ಕೇಳುವುದಿಲ್ಲ.

ಹೀಗಿರುವಾಗ ನಿಮ್ಮ ಇಲಾಖೆ ಒಂದು ಒಳ್ಳೆಯ ಕೆಲಸ ಮಾಡಿತ್ತು. ಇದನ್ನು ಬರೆಯಲು ನನಗೆ ಸಂಕಟವೇನಿಲ್ಲ. ಕುಟುಂಬ ನೆರವು ಯೋಜನೆ ಎಂದು ಒಬ್ಬ ಸಹಾಯಕಿಯನ್ನು ಕಳಿಸುತ್ತಿದ್ದಿರಿ. ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು. ಬೆಳಿಗ್ಗೆ ಬಂದು ತಂಗಿಗೆ ಮಾತ್ರೆ ನುಂಗಿಸಿ, ಒಲೆಯ ಕೆಲಸ ಮುಗಿಯುವ ತನಕ ಜೊತೆಗಿದ್ದು, ಗೋಂದುವನ್ನು ಶಿಶುವಿಹಾರಕ್ಕೆ ಬಿಟ್ಟು ಹೋಗುತ್ತಿದ್ದಳು. ಅಷ್ಟೇ ಕೆಲಸ. ಆ ಅಷ್ಟರ ಮೇಲೆಯೇ ಒಂದು ಸಂಸಾರ ನಿಂತಿತ್ತು. ಮಗುವಿಗೆ ಅವಳು ಆಟದ ಹಾಗೆ ಒಂದು ಪಾಠವನ್ನೂ ಕಲಿಸಿದ್ದಳು. "ಅಮ್ಮ ಬಿದ್ರೆ ಏನ್ ಮಾಡ್ತೀಯ?" ಎಂದರೆ ಗೋಂದು, "ಅಳಲ್ಲ. ದೊಡ್ಡಮ್ಮನ್ನ ಕರೀತೀನಿ" ಅನ್ನುತ್ತಿದ್ದಳು.

ಆಮೇಲೆ ಯೋಜನೆಯ ಪರಿಶೀಲನೆ ಎಂದು ಸುದ್ದಿ ಬಂತು. ಯಾವ ದಿನ ಬರುತ್ತೇವೆಂದು ಮೊದಲೇ ಹೇಳಿ ಕಳಿಸಿದಿರಿ. ಮನೆ ಕೊಳಕಾಗಿದ್ದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರಂತೆ ಎಂದು ಬೀದಿಯಲ್ಲಿ ಗುಸುಗುಸು ಹಬ್ಬಿತು. ತಂಗಿಯದು ಒಂದೇ ಕೋಣೆ, ಗೋಡೆಯ ತುಂಬ ತೇವದ ಕಲೆ. ಸುಣ್ಣ ಹೊಡೆಸಲು ಹೊತ್ತೂ ಇರಲಿಲ್ಲ, ಗತಿಯೂ ಇರಲಿಲ್ಲ. ಆಗ ಲಾಂಡ್ರಿಯವಳಿಗೆ ಮಾತ್ರ ಹೊಳೆಯುವ ಬುದ್ಧಿ ನನಗೆ ಹೊಳೆಯಿತು. ಒಗೆದು ಇಸ್ತ್ರಿ ಮಾಡಿಟ್ಟಿದ್ದ ಗಿರಾಕಿಗಳ ಬಟ್ಟೆಯನ್ನು ಹೊತ್ತು ತಂದೆ. ತೇವದ ಗೋಡೆಗೆ ನೆಲ ಮುಟ್ಟುವಂಥ ದಪ್ಪ ಪರದೆ. ಮುರುಕು ಮಂಚದ ಮೇಲೆ ಯಾರದೋ ಮಖಮಲ್ಲಿನ ಹೊದಿಕೆ. ಗೋಂದುವಿಗೆ ಯಾವುದೋ ದೊಡ್ಡ ಮನೆಯ ಮಗುವಿನ ಲೇಸಿನ ಫ್ರಾಕು.

ನಿಮ್ಮ ಪರಿಶೀಲಕರು ಬಂದರು. ಕೂರಲಿಲ್ಲ, ನೀರು ಮುಟ್ಟಲಿಲ್ಲ. ತಂಗಿಯ ಕಾಯಿಲೆಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಪರವಾಗಿಲ್ಲ, ಮನೆ ಚೆನ್ನಾಗೇ ಇಟ್ಕೊಂಡಿದೀರ" ಅಂದರು. "ಎಲ್ಲಾ ನಿಮ್ಮ ದಯೆ ಸಾರ್" ಅಂದೆ. ಗೋಂದು "ಇದು ನಮ್ದಲ್ಲ" ಎನ್ನಲು ಬಾಯಿ ತೆರೆದಳು. ತಂಗಿ ಆ ಬಾಯಿಗೆ ಬಿಸ್ಕತ್ತು ತುರುಕಿದಳು. ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗು ಉಳಿಯಿತು ಎಂದುಕೊಂಡಿದ್ದೆವು.

ಸ್ವಲ್ಪ ದಿನಕ್ಕೆ ಅಕ್ಕ ಬರುವುದು ನಿಂತಿತು. ಕಾರಣ ಕೇಳಿದರೆ, ಕುಟುಂಬದ ಸ್ಥಿತಿ ಅನುಕೂಲಕರವಾಗಿದೆ, ನೆರವಿನ ಅಗತ್ಯವಿಲ್ಲ ಎಂದು ವರದಿಯಾಗಿದೆಯಂತೆ. ಕೊಳಕಾಗಿದ್ದರೆ ಮಗು ಹೋಗುತ್ತದೆ, ಚೊಕ್ಕವಾಗಿದ್ದರೆ ನೆರವು ಹೋಗುತ್ತದೆ. ಮಾನ್ಯರೇ, ನಿಮ್ಮ ನೆರವು ಸಿಗಬೇಕಾದರೆ ಬಡವರ ಮನೆ ಎಷ್ಟು ಕೊಳಕಾಗಿರಬೇಕು? ಅದಕ್ಕೊಂದು ಅಳತೆಯಿದ್ದರೆ ಮುಂಚೆಯೇ ತಿಳಿಸಬಾರದೇ?

ನಾವು ಕಣ್ಣಿಗೆ ಮಣ್ಣೆರಚಿದೆವು ಎಂದು ತಾವು ಗದರಬಹುದು. ಗದರಿ. ಆದರೆ ಆ ಪರದೆ ಯಾರದೆಂದು ಕೇಳಿಕೊಂಡು ಗದರಿ. ಅದು ತಮ್ಮ ಕೊಠಡಿಯದು. ತಮ್ಮ ಕಚೇರಿಯ ಬಟ್ಟೆ ಒಗೆಯುವ ಗುತ್ತಿಗೆ ನನ್ನ ಅಂಗಡಿಗೇ ಇದೆ. ನಮ್ಮನ್ನು ಅನುಕೂಲಸ್ಥರನ್ನಾಗಿ ಮಾಡಿದ ಸಿರಿ ತಮ್ಮ ಕಿಟಕಿಯಿಂದ ಇಳಿದು ಬಂದದ್ದು. ಮರುದಿನವೇ ಇನ್ನೊಮ್ಮೆ ಇಸ್ತ್ರಿ ಮಾಡಿ ತಲುಪಿಸಿದ್ದೇನೆ. ಇದನ್ನು ಓದುವಾಗ ತಮ್ಮ ಬೆನ್ನ ಹಿಂದೆಯೇ ತೂಗುತ್ತಿರಬಹುದು. ಅದೇ ಕಚೇರಿಯಲ್ಲಿ ದಿನಾ ಓಡಾಡುವ ಪರಿಶೀಲಕರಿಗೆ ಅದರ ಗುರುತು ಸಿಗಲಿಲ್ಲವೇ? ಸಿಕ್ಕಿಯೂ ಸುಮ್ಮನಿದ್ದರೇ? ಯೋಜನೆಯನ್ನು ಕತ್ತರಿಸಲು ನೆಪ ಹುಡುಕುತ್ತಿದ್ದವರಿಗೆ ನಾನೇ ನೆಪವನ್ನು ಇಸ್ತ್ರಿ ಮಾಡಿ ಕೊಟ್ಟೆನೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಿದ್ದೆ ಬರುವುದಿಲ್ಲ.

ಅಕ್ಕ ಬಾರದ ಮೇಲೆ ಮಾತ್ರೆಯ ಹೊಣೆ ನನ್ನದಾಯಿತು. ಬಾಯ್ಲರು, ಗಿರಾಕಿ, ಸಾಗಣೆ ಎಂದು ಓಡಾಡುವವಳಿಗೆ ಒಂದು ದಿನ ಹೋಗಲಾಗಲಿಲ್ಲ, ತಂಗಿ ಮರೆತಳು. ಅವಳು ಬಿದ್ದಾಗ ಗೋಂದು ಕಲಿತಂತೆಯೇ ನಡೆದುಕೊಂಡಳು. ಅಳಲಿಲ್ಲ. ಸ್ಟೂಲು ಎಳೆದು ಅಗುಳಿ ತೆಗೆದು, ಬರಿಗಾಲಲ್ಲಿ ಬೀದಿಗಿಳಿದು ನನ್ನ ಅಂಗಡಿಯ ಕಡೆ ಹೊರಟಳು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಅವಳನ್ನು ತಡೆದು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರು. ಅಕ್ಕ ಯಾಕೆ ಬರುತ್ತಿಲ್ಲ ಎಂದು ಕೇಳಲು ಹೋದಾಗಲೂ ಮೇಜಿನಿಂದ ಮೇಜಿಗೆ ಅಲೆಸಿದ ಇಲಾಖೆಯ ಗಾಡಿ ಅಂದು ಸುದ್ದಿ ತಿಳಿದು ನಾನು ಒದ್ದೆ ಕೈ ಒರೆಸಿಕೊಂಡು ಓಡಿಬರುವುದರೊಳಗೆ ಬಂದು ನಿಂತಿತ್ತು. "ಮಗು ನಡುಬೀದಿಯಲ್ಲಿ ಅಲೆಯುತ್ತಿತ್ತು, ತಾಯಿಯ ನಿರ್ಲಕ್ಷ್ಯ" ಎಂದು ಬರೆದುಕೊಂಡರು. ಅಲೆಯುತ್ತಿರಲಿಲ್ಲ, ಸ್ವಾಮಿ. ನನ್ನನ್ನು ಕರೆಯಲು ಬರುತ್ತಿದ್ದಳು. ನಿಮ್ಮ ಇಲಾಖೆಯೇ ಕಲಿಸಿದ್ದನ್ನು ನಿಮ್ಮ ಇಲಾಖೆಯೇ ಅಪರಾಧ ಮಾಡಿತು. ನನಗೆ ತುಂಬ ಕೋಪ ಬಂದಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಇನ್ನೂ ಒಂದು ಅನುಮಾನವಿದೆ. ಪಾಲನಾ ಗೃಹಕ್ಕೆ ಹೊಸ ಕಟ್ಟಡ ಸೇರಿಸಿದಿರಲ್ಲ, ಅದರ ಹಾಸಿಗೆ ಬಟ್ಟೆಯ ಮೊದಲ ಒಗೆತಕ್ಕೆ ಬಂದದ್ದು ನನ್ನ ಹತ್ತಿರವೇ. ಗಾಡಿ ತುಂಬ ಪುಟ್ಟ ಪುಟ್ಟ ದಿಂಬಿನ ಚೀಲ, ಇನ್ನೂ ಗಿರಣಿಯ ಗಂಜಿ ಬಿಡದವು. ಇಷ್ಟೊಂದು ಮಕ್ಕಳು ಬಂದವಾ ಎಂದು ಕೇಳಿದೆ. ಗಾಡಿಯವನು, "ಇನ್ನೂ ಇಲ್ಲಮ್ಮ, ಬರ್ತವೆ" ಅಂದ. ಅವನು ಆ ಮಾತು ಹೇಳಿ ಎಷ್ಟೋ ದಿನದ ಮೇಲೆ ನಿಮ್ಮ ಪರಿಶೀಲಕರು ನಮ್ಮ ಬಾಗಿಲು ತಟ್ಟಿದ್ದು. ಮಕ್ಕಳಿಗಿಂತ ಮೊದಲು ದಿಂಬು ಬಂದದ್ದೇಕೆ? ಮನೆಗಳಿಗೆ ಹೋಗುವ ಸಹಾಯಕಿಯರನ್ನು ನಿಲ್ಲಿಸಿದರೆ ಹಾಸಿಗೆಗಳು ತಾವಾಗಿ ತುಂಬುತ್ತವೆ ಎಂದು ಯಾರಾದರೂ ಮೊದಲೇ ಎಣಿಸಿದ್ದರೇ? ನನ್ನ ಬಳಿ ಪುರಾವೆಯಿಲ್ಲ. ಸುಳ್ಳಾಗಿದ್ದರೆ ತಾವೇ ಹೇಳಿಬಿಡಿ, ನಾನು ನೆಮ್ಮದಿಯಿಂದ ಬಟ್ಟೆ ಒಗೆಯುತ್ತೇನೆ.

ಮೊನ್ನೆ ತಂಗಿಗೆ ಭೇಟಿಯ ಅವಕಾಶ ಕೊಟ್ಟಿರಿ. ನಾನೂ ಜೊತೆಗೆ ಹೋಗಿದ್ದೆ. ಗೋಡೆಗಳು ಬೆಳ್ಳಗೆ, ನೆಲ ಫಳಫಳ. ಅದರಲ್ಲಿ ಕುಂದು ಹುಡುಕಲಾರೆ. ಗೋಂದು ತಲೆ ಬಾಚಿಸಿಕೊಂಡು, ಕೈ ಕಟ್ಟಿಕೊಂಡು ಬಂದು ನಮ್ಮೆದುರು ನಿಂತಳು. ಯಾರ ಸೊಂಟಕ್ಕೂ ಅಂಟಲಿಲ್ಲ. ತಂಗಿ ಬಾ ಎಂದು ಕೈ ಚಾಚಿದಳು. ಮಗು ಮೇಜಿನ ಮೇಲಿದ್ದ ಹೂಜಿ ನೋಡಿತು, ತಾಯಿಯನ್ನು ನೋಡಿತು, ಆಮೇಲೆ ಅವಳನ್ನೇ ಮೆಲ್ಲಗೆ ಕೇಳಿತು: "ಮಿಸ್, ನೀರು ಕುಡೀಬಹುದಾ?"

ಪಕ್ಕದಲ್ಲೇ ನಿಂತಿದ್ದ ಅಲ್ಲಿನ ಮೇಲ್ವಿಚಾರಕಿ ಸಂತೋಷದಿಂದ, "ನೋಡಿ, ಎಷ್ಟು ಬೇಗ ಶಿಸ್ತು ಕಲ್ತಿದಾಳೆ" ಅಂದರು. ತಂಗಿ ಲೋಟಕ್ಕೆ ನೀರು ಬಗ್ಗಿಸಿಕೊಟ್ಟಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಮಿತಿ ಕೂರುವ ಮೊದಲು ಆ ಎರಡು ಲೆಕ್ಕಗಳ ನಡುವಿನ ಗೋಡೆ ಒಡೆಯಿರಿ. ಅಲ್ಲಿ ಅವಳ ಹಾಸಿಗೆಗೆ, ಅಡುಗೆಯವರಿಗೆ, ಕಾವಲಿನವರಿಗೆ ಕೊಡುವುದರಲ್ಲಿ ಒಂದು ಪಾಲು ತೆಗೆದು ಅಕ್ಕನನ್ನು ಮತ್ತೆ ಕಳಿಸಿ, ಅವಳ ಜೊತೆಗೇ ಮಗುವನ್ನೂ ಕಳಿಸಿ. ಪರಿಶೀಲನೆಗೆ ಬರುವುದಾದರೆ ಹೇಳದೆ ಬನ್ನಿ. ತೇವದ ಗೋಡೆ, ಮುರುಕು ಮಂಚ, ತಾಯಿ, ಎಲ್ಲ ಇದ್ದ ಹಾಗೇ ಕಾಣುತ್ತವೆ. ಆ ಮನೆಯಲ್ಲಿ ನಮ್ಮ ಮಗು ಯಾರನ್ನೂ ಕೇಳದೆ ನೀರು ಕುಡಿಯಬೇಕು.

ಇಂತಿ,
ಭೇಟಿಯ ದಿನ ತಮ್ಮ ಪಾಲನಾ ಗೃಹದ ಗೇಟಿನ ಕಾವಲಿನವರು "ಸಂಬಂಧ ಇನ್ನೂ ದೃಢಪಟ್ಟಿಲ್ಲ" ಎಂದು ಹೊರಗೆ ಕೂರಿಸಿ ಆಮೇಲೆ ಒಳಗೆ ಬಿಟ್ಟ,
ಆ ಮಗುವಿನ ದೊಡ್ಡಮ್ಮ