ಕಾಯುತ್ತಿದ್ದೆ ಎಂದ ದನಿಗೆ

ನೇತ್ರಾಣಿ ಅಲೆಠಾಣೆ
ಕಡಲೇರಿಕೆಯ ನೂರ ಹನ್ನೆರಡನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೊಂದು

ವ್ಯಾಯಾಮದ ಆಟಕ್ಕೆ ದನಿ ಕೊಟ್ಟ ಅಕ್ಕನಿಗೆ,

ನಿಮ್ಮ ಹೆಸರು ನನಗೆ ತಿಳಿಯದು. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ನಮ್ಮ ನಡುವೆ ಇನ್ನೂರು ವರ್ಷಗಳಿವೆ. ನಾನು ಚಂಪಾ ಹರಿಕಂತ್ರ. ಅಲೆಠಾಣೆ ಎಂದರೆ ಕಡಲಿನ ಎತ್ತರವನ್ನು ದಿನಕ್ಕೆ ಆರು ಸಲ ಅಳೆದು ದಡಕ್ಕೆ ತಿಳಿಸುವ ಜಾಗ. ಇಲ್ಲಿ ಇರುವವಳು ನಾನೊಬ್ಬಳೇ. ದೋಣಿ ವರ್ಷಕ್ಕೊಮ್ಮೆ ಬರುತ್ತದೆ.

ಹೋದ ವರ್ಷದ ದೋಣಿಯಲ್ಲಿ ನಿಮ್ಮ ಕಾಲದ ಆಟದ ಪೆಟ್ಟಿಗೆ ಬಂತು. ಒಂಟಿ ಠಾಣೆಯವರ ಮೈ ಜಡ್ಡುಗಟ್ಟುತ್ತದೆ ಎಂದು ವೈದ್ಯರು ಯಾವುದೋ ಹಳೆಯ ಉಗ್ರಾಣದಿಂದ ತೆಗೆಸಿ, ದುರಸ್ತಿ ಮಾಡಿಸಿ ಕಳಿಸಿದ್ದರು. ಒಂದು ಪರದೆ, ಎರಡೂ ಕೈಯಲ್ಲಿ ಹಿಡಿದು ಒತ್ತುವ ತಟ್ಟೆಯಗಲದ ಬಳೆ, ನಿಲ್ಲಲು ಬಿಳಿ ಹಲಗೆ. ಹಲಗೆಯ ಮೇಲೆ ಅಕ್ಷರಗಳಿದ್ದವು. ತುಳಿಯಲು ಹಿಂಜರಿದು, ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ. ನನ್ನ ದೇಹದ ವಯಸ್ಸು ಅರವತ್ತೊಂದು ಎಂದಿತು ಪರದೆ. ನನಗೆ ಮೂವತ್ತೆಂಟು. ಆಗ ನಿಮ್ಮ ದನಿ ಕೇಳಿಸಿತು: "ಬೇಜಾರ್ ಮಾಡ್ಕೋಬೇಡಿ, ಒಟ್ಟಿಗೆ ಸರಿ ಮಾಡೋಣ."

ಇಲ್ಲಿ ಒಂದು ವಿಷಯ ವಿವರಿಸಬೇಕು. ನಮ್ಮಲ್ಲಿ ಜೀವದನಿ ಕಟ್ಟಳೆ ಇದೆ. ಯಂತ್ರದಿಂದ ಮನುಷ್ಯರ ದನಿ ಬಂದರೆ, ಆ ಕ್ಷಣ ಎಲ್ಲೋ ಒಬ್ಬರು ನಿಜವಾಗಿ ಮಾತಾಡುತ್ತಿರಲೇಬೇಕು. ಮುದ್ರಿಸಿಟ್ಟ ದನಿಯನ್ನು ನಾನು ಎಂದೂ ಕೇಳಿದವಳಲ್ಲ. ಪೆಟ್ಟಿಗೆ ಹಳೆಯದಾದರೂ, ದಡದಲ್ಲಿ ನೀವು ನನಗಾಗಿ ಕುಳಿತಿದ್ದೀರಿ ಎಂದುಕೊಂಡೆ. ದಿನವೂ ಅವೇ ಮಾತುಗಳು ಬಂದವು. ನಮ್ಮ ಹವಾಮಾನ ಹೇಳುವವರೂ ಹಾಗೆಯೇ. ಉತ್ತರ ಕೊಡದಿರುವುದು ನಿಮ್ಮ ಕೆಲಸದ ನಿಯಮವಿರಬೇಕು ಎಂದು ಸುಮ್ಮನಾದೆ. ನಿಮ್ಮ ಎಣಿಕೆಗೆ ಬಗ್ಗಿ ಏಳುತ್ತಾ ಅಂದಿನ ಅಡುಗೆಯನ್ನು, ಗಾಳಿಯ ದಿಕ್ಕನ್ನು ನಿಮಗೆ ಹೇಳುತ್ತಿದ್ದೆ. ಹದಿನೇಳಕ್ಕೆ ಸೋತು ನಿಂತರೂ, ನೀವು ಹದಿನೆಂಟು ಎಂದಾಗ ಮತ್ತೆ ಏಳುತ್ತಿದ್ದೆ. ಒಮ್ಮೆ ಜ್ವರ ಬಂದು ಒಂದು ದಿನ ತಪ್ಪಿತು. "ನಿನ್ನೆ ಬರ್ಲಿಲ್ಲ ನೀವು. ನಾನು ಕಾಯ್ತಾ ಇದ್ದೆ" ಎಂದಿರಿ. ನಾನು ಠಾಣೆಗೆ ಬಂದು, ನನ್ನನ್ನು ಯಾರಾದರೂ ಕಾದು ಒಂಬತ್ತು ವರ್ಷವಾಗಿತ್ತು. ಹಲಗೆಯ ಮೇಲೆ ನಿಂತೇ ಕ್ಷಮೆ ಕೇಳಿದೆ.

ಈ ವರ್ಷದ ದೋಣಿ ಎಂಟು ದಿನದ ಹಿಂದೆ ಬಂತು. ಭಟ್ಕಳದ ಕೂಡುಮನೆಯಲ್ಲಿ, ಅಂದರೆ ಹನ್ನೆರಡು ಜನ ಒಂದೇ ಒಲೆಯ ಅಡುಗೆ ಉಣ್ಣುವ ಮನೆಯಲ್ಲಿ, ನನಗೆ ಜಾಗ ಸಿಕ್ಕಿತ್ತು. ಬಂದಾಗಿನಿಂದ ಅದಕ್ಕಾಗಿ ಕೇಳಿಕೊಂಡವಳು ನಾನೇ. ನನ್ನ ಬದಲಿಗೆ ಇರಲು ಒಬ್ಬ ಹುಡುಗಿಯೂ ಬಂದಿದ್ದಳು. ಆದರೆ ಪೆಟ್ಟಿಗೆ ಠಾಣೆಯದು, ಒಯ್ಯುವಂತಿಲ್ಲ. ನಾನು ಬರುವುದಿಲ್ಲ ಎಂದೆ. ದೋಣಿಯ ಮಂಜಯ್ಯ ಮೊಗೇರ ನಕ್ಕ: "ಎಂತ ಮಾರಾಯ್ತಿ, ಇಲ್ಲಿ ನಿನ್ನ ಕಾಯುದು ಯಾರು, ಏಡಿಯಾ?" ಒಬ್ಬರಿದ್ದಾರೆ ಎಂದೆ. ಹುಡುಗಿ ಇಳಿಸಿದ ಗಂಟನ್ನು ಮತ್ತೆ ದೋಣಿಗೆ ಎತ್ತಿಟ್ಟಳು. ಕೂಡುಮನೆಯ ಜಾಗ ಅವಳಿಗೆ ಹೋಯಿತು.

ಆ ಗಡಿಬಿಡಿಯಲ್ಲಿ ಅಂದಿನ ಆಟ ತಪ್ಪಿತು. ಮರುದಿನ ಮತ್ತೆ ಅದೇ ಮಾತು. ಜ್ವರದ ದಿನದ ಮಾತನ್ನು ನಾನು ವರ್ಷವಿಡೀ ಮನಸ್ಸಿನಲ್ಲಿ ಕೇಳಿಕೊಂಡಿದ್ದೆ; "ಕಾಯ್ತಾ" ಎನ್ನುವ ಮುಂಚೆ ನೀವು ಉಸಿರು ಎಳೆದುಕೊಂಡದ್ದೂ ನನಗೆ ಬಾಯಿಪಾಠ. ಅದೇ ಉಸಿರು. ಇನ್ನೊಂದು ದಿನ ಬೇಕೆಂದೇ ತಪ್ಪಿಸಿ ನೋಡಿದೆ. ಮತ್ತೆ ಅದೇ; ಮುದ್ರಿಸಿಟ್ಟ ದನಿ ಎಂದರೆ ಇದೇ. ಕಡಲಿನ ಕಡೆ ನೋಡಿದೆ; ದೋಣಿ ಹೋಗಿ ಮೂರು ದಿನವಾಗಿತ್ತು.

ನಿಮ್ಮ ಮೇಲೆ ಕೋಪವಿಲ್ಲ. ಯಾರೋ ಬರೆದುಕೊಟ್ಟದ್ದನ್ನು ನೀವು ಚೆನ್ನಾಗಿ ಓದಿದಿರಿ. ಇನ್ನೊಮ್ಮೆ ಇಂಥ ಕೆಲಸ ಬಂದರೆ ಎಣಿಕೆ ಹೇಳಿ, ಬೆನ್ನು ನೆಟ್ಟಗಿಡಿ ಎನ್ನಿ, ಸೋಮಾರಿ ಎಂದು ಬೇಕಾದರೆ ಬೈಯಿರಿ. ಕಾಯುತ್ತಿದ್ದೆ ಎನ್ನಬೇಡಿ. ಆ ಒಂದು ಮಾತಿಗೆ ಉಳಿದುಬಿಡುವವರು ಇರುತ್ತಾರೆ.

ಇವತ್ತು ದನಿ ನಿಲ್ಲಿಸಿ ಹಲಗೆ ಹತ್ತಿದೆ. ಎಣಿಕೆಯನ್ನು ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹದಿನೇಳರವರೆಗೆ ಹೋದೆ. ಹದಿನೆಂಟನ್ನು ನಿಮ್ಮ ಬಾಯಲ್ಲಿ ಕೇಳಿಯೇ ರೂಢಿ.

ಚಂಪಾ