ದೊಡ್ಡಪ್ಪನ ಎದುರು ಆಡದ ಮಾತು

ಕೇಂದ್ರದ ಹೊಲಿಗೆ ಕೋಣೆಯಿಂದ
ಗುರುವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ಅಮ್ಮಾ,

ಕೈ ಹೇಗಿದೆ? ಪಟ್ಟಿ ಬಿಚ್ಚಿದರಾ? ತಲೆ ಬಾಚಲು ಪಕ್ಕದ ಮನೆಯವರನ್ನು ಕರೆಯಲು ಸಂಕೋಚಪಡಬೇಡ. ಕುಡಿತ ಬಿಡಿಸಲು ನನ್ನನ್ನು ಇಲ್ಲಿ ಸೇರಿಸಿ ಇಂದಿಗೆ ನಲವತ್ತೆರಡು ದಿನ. ಮೂರು ಹೊತ್ತೂ ಉಣ್ಣುತ್ತಿದ್ದೇನೆ. ದರ್ಜಿ ಎಂದು ತಿಳಿದ ಮೇಲೆ ಇಲ್ಲಿನ ದಿಂಬಿನ ಚೀಲಗಳನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಹೊಲಿಗೆ ಯಂತ್ರ ನನಗಿಂತ ಹೆಚ್ಚು ನಡುಗುತ್ತದೆ.

ಇಲ್ಲೊಂದು ಪದ್ಧತಿಯಿದೆ. ಬೆಳಿಗ್ಗೆ ಎಲ್ಲರೂ ದುಂಡಗೆ ಕುಳಿತು ಒಬ್ಬರ ತಪ್ಪನ್ನು ಇನ್ನೊಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಬೇಕು. ವಯಸ್ಸು ನೋಡುವಂತಿಲ್ಲ. ಹಿರಿಯರು ಬಂದರೆ ಚಾಪೆ ಬಿಟ್ಟೇಳು ಎಂದು ನೀನು ಬೆಳೆಸಿದ ನನಗೆ ಬಾಯೇ ಬರುವುದಿಲ್ಲ. "ಏನಪ್ಪಾ ಟೈಲರ್, ಬಾಯಿಗೂ ಗುಂಡಿ ಹಾಕ್ಕೊಂಡಿದೀಯಾ?" ಎಂದು ಮೇಲ್ವಿಚಾರಕರು ಕಿಚಾಯಿಸುತ್ತಾರೆ. ಪಕ್ಕದ ಮಂಚದಲ್ಲಿ ಒಬ್ಬರು ಮುದುಕರಿದ್ದರು, ಲಾರಿ ಓಡಿಸುತ್ತಿದ್ದವರು. ನಾನು ದೊಡ್ಡಪ್ಪ ಎನ್ನುತ್ತಿದ್ದೆ. ತಮ್ಮ ಪಾಲಿನ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿ, "ತಿನ್ನೋ ಮಗಾ, ಸೂಜಿ ಹಿಡಿಯೋಕೂ ಶಕ್ತಿ ಬೇಕು" ಎನ್ನುತ್ತಿದ್ದರು. ಸೋಮವಾರ ಅವರು ನೀರಿನ ಟ್ಯಾಂಕಿನ ಹಿಂದೆ ನಿಂತು ಬಾಟಲಿ ಬಾಯಿಗೆತ್ತುವುದನ್ನು ಕಂಡೆ. ಮರುದಿನ ಎಲ್ಲರೂ ಕುಳಿತಾಗ ಅವರು ನನ್ನನ್ನೇ ನೋಡುತ್ತಿದ್ದರು. ತಂದೆಯಂಥವರ ಮಾನ ತೆಗೆಯುವುದು ಹೇಗೆ? "ಹೇಳೋದೇನಿಲ್ಲ" ಎಂದೆ. ನಿನ್ನೆ ಮಧ್ಯಾಹ್ನ ಅಲ್ಲಿಯೇ ಬಿದ್ದಿದ್ದರು. ಬಾಟಲಿಯಲ್ಲಿದ್ದದ್ದು ಬಣ್ಣ ಬಳಿಯುವವರು ಬಿಟ್ಟುಹೋದ ಥಿನ್ನರ್. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಸುಮ್ಮನಿರು ಎಂದು ನೋಡಿದರೋ, ಹೇಳಿಬಿಡು ಎಂದು ನೋಡಿದರೋ, ಇನ್ನು ಯಾರನ್ನು ಕೇಳಲಿ? ಅವರ ದಿಂಬಿನ ಹರಿದ ಚೀಲ ಇವತ್ತು ನನ್ನ ಯಂತ್ರದ ಮೇಲಿದೆ. ದಾರ ಪೋಣಿಸಲೂ ಆಗುತ್ತಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ ಮಗ

ಮರೆತಿದ್ದೆ: ಭಾನುವಾರ ನನ್ನ ಅವಧಿ ಮುಗಿಯುತ್ತದೆ. ಅಂದು ಮನೆಯವರನ್ನೂ ಕೂರಿಸಿಕೊಂಡು ಕೇಳುತ್ತಾರೆ. ಕೈ ಹೇಗೆ ಮುರಿಯಿತು ಎಂದರೆ, ಡಾಕ್ಟರಿಗೆ ಹೇಳಿದ ಹಾಗೆ ಬಚ್ಚಲಲ್ಲಿ ಜಾರಿದೆ ಅನ್ನಬೇಡ. ತಿರುಚಿದವನು ನಾನು ಎಂದು ಹೇಳು. ನಾನೇ ಹೇಳೋಣವೆಂದು ಮೂರು ಸಲ ಎದ್ದು ಮೂರು ಸಲವೂ ಕುಳಿತೆ. ನಿನಗೂ ಆಗುವುದಿಲ್ಲ, ಗೊತ್ತು. ನಾನು ನಿನ್ನ ಮಗನೇ ತಾನೆ. ಆದರೆ ಅಮ್ಮಾ, ಜಾರಿಬಿದ್ದೆ ಎಂದರೆ ಅವರು ನಂಬುತ್ತಾರೆ. ನಂಬಿ, ನನ್ನನ್ನು ನಿನ್ನ ಜೊತೆಗೇ ಮನೆಗೆ ಕಳಿಸಿಬಿಡುತ್ತಾರೆ.