ನಾದಿನಿಯ ಶ್ರುತಿ ನನ್ನ ಕೈಲಿ

6 ನವೆಂಬರ್, ಗುರುವಾರ. ಬೆಳಿಗ್ಗೆ

ಇವರಿಗೆ ಕಾಫಿ ಕೊಟ್ಟೆ. ಹೆಡ್‌ಫೋನ್ ತೆಗೀದೇ ಕುಡಿದ್ರು. ಹೆಡ್‌ಫೋನ್ ಹಾಕಿದಾಗ ಇವರ ಕಿವಿ ಹಿಂದೆ ಒಂದು ಜುಟ್ಟು ಎದ್ದು ನಿಲ್ಲುತ್ತೆ... ಅದನ್ನೇ ನೋಡ್ತಾ ನನ್ನ ಕಾಫಿ ಆರಿಹೋಯ್ತು. ಸೋ ಕ್ಯೂಟ್! ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ಮಂಜೇಶ್ ಮಂಜೇಶ್ ಮಂಜೇಶ್. ಇಲ್ಲಿ ಮಾತ್ರ ಹೀಗೆ ಬರೀತೀನಿ. ಮನೇಲಿ ಬರೀ "ರೀ".

ಉರಿಗಾಂನ ಈ ಮನೆಯ ಮುಂದಿನ ರೂಮೇ ಸ್ಟುಡಿಯೋ. ಗೋಡೆ ತುಂಬ ಮೊಟ್ಟೆ ಟ್ರೇ. ಅತ್ತೆ ಅದನ್ನ "ಕೋಳಿ ಫಾರಂ" ಅಂತಾರೆ. ಭಕ್ತಿಗೀತೆ, ಎಲೆಕ್ಷನ್ ಹಾಡು, ಆಟೋ ಅನೌನ್ಸ್‌ಮೆಂಟ್ ಎಲ್ಲ ಅಲ್ಲೇ. ಇವರ ಆರ್ಕೆಸ್ಟ್ರಾ ಮದುವೆ ಮನೆಗೆ ಹೋದ್ರೆ ಅದೇ ಲ್ಯಾಪ್‌ಟಾಪ್ ಜೊತೇಲಿ ಹೋಗುತ್ತೆ.

ಲ್ಯಾಪ್‌ಟಾಪ್ ತೆರೆದಾಗೆಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೇಳುತ್ತೆ — ಹೊಸ ವರ್ಷನ್ ಬಂದಿದೆ, ಈ ತಿಂಗಳು ಪೂರ್ತಿ ಫ್ರೀ. ಇವರು ದಿನಾ "ನಾಟ್ ನೌ" ಒತ್ತುತ್ತಾರೆ.

"ಫ್ರೀ ಅಲ್ವಾ ರೀ, ಯಾಕೆ ಬೇಡ?"

"ಹಳೇದು ಕೈಗೆ ಕೂತಿದೆ ಬಿಂದು."

ಹೊಸದ್ರ ಡೆಮೊ ನೋಡಿದೆ. ಒಂದೇ ಹಾಡಿಂದ ದನಿ ಬೇರೆ, ತಬಲ ಬೇರೆ, ಮೀನಿನ ಮುಳ್ಳು ಬಿಡಿಸಿದ ಹಾಗೆ ಬಿಡಿಸಿಡುತ್ತೆ! ನನಗಂತೂ ಬೇಕೇ ಬೇಕು. ಮುದ್ದು ಮಾಡಿ ಒಪ್ಪಿಸ್ತೀನಿ.

9 ನವೆಂಬರ್

ಇವತ್ತು ಬಂಗಾರಪೇಟೆಯಿಂದ ಕಸಿನ್ ಅರ್ಚನ ಫೋನ್. ನಗು ತಡ್ಕೊಳ್ಳೋಕಾಗದೆ ಕೇಳಿದ್ಲು, "ಮೇಕೆ ಮರಿ ಹೇಗಿದೆ?"

ಆ ರೀಲ್ ಈಗ ನನ್ನ ತವರಿಗೂ ತಲುಪಿದೆ!!

ಮನೆ ತುಂಬಿಸ್ಕೊಂಡ ದಿನ ನಾದಿನಿ ಸುಮಿತಾ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಗಂಡನ ಹೆಸರು ಹೇಳಿ ಒಂದು ಹಾಡು ಹೇಳಿದ್ರೇನೇ ಒಳಗೆ. ಬೆಳಗಿಂದ ಉಪವಾಸ, ಹೋಮದ ಹೊಗೆಯಲ್ಲಿ ಗಂಟಲು ಕಟ್ಟಿತ್ತು. ಹಾಡಿದೆ. ಒಂದು ಕಡೆ ದನಿ ಒಡೀತು. ಅವಳು ಅಷ್ಟನ್ನೇ ಕತ್ತರಿಸಿ, ಮಧ್ಯೆ ಮೇಕೆ ಅರಚೋದು ಸೇರಿಸಿ, "ನಮ್ಮನೆ ಹೊಸ ಸಿಂಗರ್" ಅಂತ ಹಾಕಿದ್ಲು. ತರಕಾರಿ ಗಾಡಿಯವನೂ ನನ್ನ ನೋಡಿ ಮೀಸೆಯಲ್ಲೇ ನಗ್ತಾನೆ.

ತೆಗಿ ಅಂದೆ.

"ಅಯ್ಯ, ತಮಾಸೆ ಅತ್ತಿಗೆ! ಕಾನ್ವೆಂಟಲ್ಲಿ ತಮಾಸೆ ಏಳಿಕೊಡಲ್ವಾ?"

ಅತ್ತೆನೂ ನಕ್ಕರು. "ಓಗ್ಲಿ ಬುಡಮ್ಮ, ಉಡುಗಿ ಅದು."

ಹುಡುಗಿಯಂತೆ. ನನಗಿಂತ ಒಂದೇ ವರ್ಷ ಚಿಕ್ಕವಳು. ಬಿಡ್ತೀನಾ? ಐ ಸ್ವೇರ್, ಬಿಡಲ್ಲ. ಅವಳೂ ಒಂದು ದಿನ ಜನರ ಮುಂದೆ ನಿಂತು ನೆಲ ನೋಡಬೇಕು. ನಾನು ಎದುರಿಗೇ ಕೂತಿರಬೇಕು. ಮೈಸೂರ್ ಪಾಕ್ ತಿಂತಾ.

13 ನವೆಂಬರ್

ಸುಮಿತಾ ನಿಶ್ಚಿತಾರ್ಥ ಫಿಕ್ಸ್. ಮೂವತ್ತನೇ ತಾರೀಖು, ಬಂಗಾರಪೇಟೆ ಸ್ಟೇಷನ್ ಹತ್ತಿರದ ಛತ್ರ. ಹುಡುಗ ಚಲಪತಿ, ಇಲ್ಲೇ ಫ್ಯಾಕ್ಟರಿ ಕೆಲಸ, ಮನೆ ಕ್ಯಾಸಂಬಳ್ಳಿ ಕಡೆ. ಯಾವುದೋ ಮದುವೇಲಿ ಇವಳ ಹಾಡು ಕೇಳಿ ಬಿದ್ದುಹೋದನಂತೆ. ಅವರಜ್ಜಿ ಅಮ್ಮಾಜಮ್ಮ ಸುತ್ತಲ ಊರಿಗೆಲ್ಲ ಸೋಬಾನೆ ಹೇಳೋರು. ಅವರದ್ದು ಒಂದೇ ಮಾತು, "ಬಂಗಾರದಂತಾ ಗಂಟ್ಲು. ಬ್ಯಾರೇನೂ ಬ್ಯಾಡ ನಮಗೆ."

ಬೀಗರು ಬರುವಾಗ ಸುಮಿತಾನೇ ಹಾಡಿ ಕರೀಬೇಕಂತೆ. ಮನೇಲಿ ಮಹಾರಾಣಿ ನಡಿಗೆ. ಒಂದು ಸಾಲೂ ಗುನುಗಲ್ಲ. "ಮೈಕ್ ಇಲ್ದೆ ಆಡಿದ್ರೆ ಗಂಟ್ಲು ಕೆಡುತ್ತೆ ಅಂದವ್ನೆ ಅಣ್ಣ." ಬಿಸಿನೀರು, ಮಫ್ಲರ್. ಪಾಪ, ಲೋಕದ ಆಸ್ತಿ.

18 ನವೆಂಬರ್. ಮಧ್ಯಾಹ್ನ

ಕುಣೀಬೇಕು ಅನ್ನಿಸ್ತಿದೆ. ಖುಷಿಗೆ!

ಇವರು ಆಂಡರ್ಸನ್‌ಪೇಟೆಗೆ ಸ್ಪೀಕರ್ ತರೋಕೆ ಹೋಗಿದ್ರು. ಸುಮಿತಾಳ ಹಾಡೊಂದನ್ನ ತೆರೆದೆ, ಸುಮ್ಮನೆ ಕಲಿಯೋಕೆ. ಅವಳ ದನಿಯ ಮೇಲೆ ಒಂದು ಪ್ಲಗಿನ್, ಸಾಫ್ಟ್‌ವೇರ್ ಒಳಗೆ ಸೇರಿಸೋ ಇನ್ನೊಂದು ಪುಟ್ಟ ಪ್ರೋಗ್ರಾಂ, ಕೂತಿದೆ. ಹಳೇ ಕಾಲದ್ದು, ಹಸಿರು ಡಬ್ಬಿ ಥರ. ಏನು ಮಾಡುತ್ತೆ ನೋಡೋಣ ಅಂತ ಆಫ್ ಮಾಡಿದೆ.

ದೇವರೇ.

ಶ್ರುತಿಗೂ ಅವಳಿಗೂ ಪರಿಚಯವೇ ಇಲ್ಲ! ಒಂದು ಸ್ವರ ಕೆಳಗೆ ಜಾರುತ್ತೆ, ಇನ್ನೊಂದು ಸೂರು ಹತ್ತುತ್ತೆ. ಆನ್ ಮಾಡಿದ್ರೆ ಆ ಹಸಿರು ಡಬ್ಬಿ ಪ್ರತಿ ಸ್ವರದ ಕಿವಿ ಹಿಂಡಿ ಜಾಗಕ್ಕೆ ಕೂರಿಸುತ್ತೆ. ಬಂಗಾರ.

ಇವರು ಬಂದ ಮೇಲೆ ಕೇಳಿಯೇಬಿಟ್ಟೆ. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ್ರು.

"ಸ್ಟೇಜಲ್ಲೂ ಇದೇ ಹಾಕ್ತೀನಿ. ಅವಳ ಕಿವಿಗೂ ಅದೇ ದನಿ ಹೋಗುತ್ತೆ. ಅವಳಿಗೆ ಗೊತ್ತಿಲ್ಲ ಬಿಂದು. ಅಪ್ಪ ಹೋದಾಗ ವರ್ಷ ಪೂರ್ತಿ ಮಾತಾಡಿರಲಿಲ್ಲ. ಹಾಡಿಸಿದ ಮೇಲೇ ಬಾಯಿ ಬಿಟ್ಟಿದ್ದು. ಸುಳ್ಳೇ, ಆದ್ರೆ..."

"ಅದಕ್ಕೇ ಅಪ್‌ಗ್ರೇಡ್ ಮಾಡ್ತಿಲ್ವಾ?"

"ಹೊಸದ್ರಲ್ಲಿ ಈ ಪ್ಲಗಿನ್ ಓಡಲ್ಲ. ಒಂದು ಸಲ ಮೇಲಕ್ಕೆ ಹೋದ್ರೆ ಹಳೇ ವರ್ಷನ್‌ಗೆ ವಾಪಸ್ ಬರೋಕೂ ಆಗಲ್ಲ."

ಎಂಥ ಒಳ್ಳೆ ಗಂಡ ನಂದು! ಕಣ್ಣಲ್ಲಿ ನೀರು ಬಂತು. ಅಪ್ಪಿಕೊಂಡೆ. ಅಪ್ಪಿಕೊಂಡಿರುವಾಗಲೇ ಅವರ ಹೆಗಲ ಮೇಲಿಂದ ಸ್ಕ್ರೀನ್ ಕಾಣಿಸ್ತು. ಅಪ್‌ಗ್ರೇಡ್ ನೌ. ನಾಟ್ ನೌ.

19 ನವೆಂಬರ್

ಬೇಡ ಬಿಂದು. ಮದುವೆ ಮಾತು. ಚಲಪತಿ ಕಡೆಯವರು ಬೇಡ ಅಂದ್ಬಿಟ್ರೆ? ಅಷ್ಟು ಕೆಟ್ಟವಳಲ್ಲ ನೀನು.

20 ನವೆಂಬರ್

ಸುಮಿತಾ ರೀಲ್‌ನ ಎರಡನೇ ಭಾಗ ಹಾಕಿದ್ದಾಳೆ. ನಾನು ಪಾತ್ರೆ ತೊಳೀತಾ ಗುನುಗಿದ್ದು. ಹಿಂದಿನಿಂದ ಶೂಟ್ ಮಾಡಿದಾಳೆ. ಮೇಕೆ ಜೊತೆ ಈ ಸಲ ಕತ್ತೆನೂ ಇದೆ.

ಅಷ್ಟು ಕೆಟ್ಟವಳೇ ನಾನು.

29 ನವೆಂಬರ್. ಸಂಜೆ

ಇಷ್ಟು ದಿನ ಬರೆದಿಲ್ಲ. ಬರೆದ್ರೆ ಮನಸ್ಸು ಕರಗಿಬಿಡುತ್ತೆ ಅಂತ. ದಿನಾ ಸಾಫ್ಟ್‌ವೇರ್ ಕೇಳುತ್ತೆ, ದಿನಾ ಇವರು "ನಾಟ್ ನೌ", ದಿನಾ ನಾನು ಮನಸ್ಸಲ್ಲೇ "ನೌ".

ಸುಮಿತಾ ಸೀರೆ ತೋರಿಸಿದ್ಲು. ಗಿಳಿ ಹಸಿರು. ಚೆನ್ನಾಗಿದೆ ಅಂದೆ. ನಿಜವಾಗಲೂ ಚೆನ್ನಾಗಿದೆ, ಅದೇ ಕೋಪ. "ನಾಳೆ ನೀವು ಆಡಬ್ಯಾಡಿ ಅತ್ತಿಗೆ, ಬೀಗ್ರು ಓಡೋಯ್ತಾರೆ!" ಅಂತ ಕೆನ್ನೆ ಹಿಂಡಿದ್ಲು. ನಕ್ಕೆ. ಹಿಂಡು ತಾಯಿ.

30 ನವೆಂಬರ್, ಭಾನುವಾರ. ಛತ್ರದಲ್ಲಿ

ಫೋನ್‌ನಲ್ಲಿ ಟೈಪ್ ಮಾಡ್ತಿದ್ದೀನಿ, ಮನೇಲಿ ಬುಕ್ಕಿಗೆ ಇಳಿಸ್ಕೋತೀನಿ. ಸೌಂಡ್ ಟೆಸ್ಟ್ ಆಗಿದೆ, ಬಂಗಾರ ದನಿ, ಎಲ್ಲ ಸರಿ. ಬೀಗರ ಬಸ್ ಬಂತು. ಹೆಣ್ಣಿನ ಅಣ್ಣನೇ ಬಾಗಿಲಲ್ಲಿ ನಿಂತು ಬೀಗರ ಕಾಲಿಗೆ ನೀರು ಕೊಡಬೇಕು. ಇವರು ಚೊಂಬು ಹಿಡ್ಕೊಂಡು ಓಡಿದ್ರು. ಓಡುವಾಗ, "ಬಿಂದು, ಲ್ಯಾಪ್‌ಟಾಪ್ ನೀನೇ ನೋಡ್ಕೊ. ನಾನು ಕೈ ಎತ್ತಿದಾಗ ಮೈಕ್ ಆನ್ ಮಾಡು."

ಅಪ್‌ಗ್ರೇಡ್ ಬಟನ್ ಅಲ್ಲೇ ಇದೆ. ನನ್ನ ಹಾಟ್‌ಸ್ಪಾಟ್ ಆನ್.

ಒತ್ತಿದೆ.

ಬಸ್‌ನಿಂದ ಮುದುಕಿಯರು ಇಳಿಯೋಕೇ ಕಾಲು ಗಂಟೆ. ನೀಲಿ ಗೆರೆ ತುಂಬ್ತಾ ಇದೆ... ತುಂಬ್ತಾ... ಆಯ್ತು. ಎಷ್ಟು ಚೆಂದ ಇದೆ ಹೊಸ ಸ್ಕ್ರೀನ್! ಹಸಿರು ಡಬ್ಬಿ ಇದ್ದ ಜಾಗದಲ್ಲಿ ಬರೀ ಬೂದು ಗೆರೆ.

ಇವರು ಕೈ ಎತ್ತಿದ್ರು.

ಅದೇ ದಿನ. ಸಂಜೆ, ಮನೆ

ಆಯ್ತು. ಆದ್ರೆ ನಾನಂದುಕೊಂಡ ಹಾಗಲ್ಲ.

ಸುಮಿತಾ ಮೊದಲ ಸಾಲು ತೆಗೆದಳು. ಛತ್ರದ ಸದ್ದೆಲ್ಲ ನಿಂತಿತು. ಎರಡನೇ ಸಾಲು ಇನ್ನೂ ಕೆಳಗೆ. ಅವಳು ಮೈಕ್ ನೋಡಿದ್ಲು, ಸ್ಪೀಕರ್ ನೋಡಿದ್ಲು. ಯಾರ ದನಿ ಇದು ಅನ್ನೋ ಮುಖ. ಬಾಗಿಲಲ್ಲಿ ಇವರ ಚೊಂಬು ಓರೆಯಾಗಿ ನೀರೆಲ್ಲ ಬೀಗರ ಪಂಚೆ ಮೇಲೆ. ನಾನು ಮೈಸೂರ್ ಪಾಕ್ ಕೈಗೆ ತಗೊಂಡೆ. ಈಗ ನೆಲ ನೋಡ್ತಾಳೆ, ಈಗ...

ಆಗ ಅಜ್ಜಿ ಅಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಲಾ ಇವ್ಳ! ಒಸ್ತಿಲು ದಾಟೋಕ್ ಮುಂಚೇನೆ ನಮ್ಮನ್ನ ಆಡ್ಕೊಂತಾಳಲ್ಲೇ!"

ಬೀಗರನ್ನ ಹಂಗಿಸೋ ಹಾಡು ಅಂದುಕೊಂಡ್ರು! ಬೇಕಂತಲೇ ಕೆಡಿಸಿ ಹಾಡ್ತಿದಾಳೆ ಅಂತ! ಅಲ್ಲೇ ನಿಂತು ತಿರುಗಿ ಹಾಡಿದ್ರು —

ಗಂಟಲೊಳಗೆ ರಾಟೆ ಐತೆ
ಎಣ್ಣೆ ಕಾಣ್ದೆ ಒಣಗೈತೆ
ನಮ್ಮೂರ್ ಗಾಣದ ಎಣ್ಣೆ ತಂದೀವಿ
ಬಾಯಿ ಬುಡೇ ಬೀಗ್ತಿ ಮಗಳೇ

ಹೆಂಗಸರೆಲ್ಲ ಚಪ್ಪಾಳೆ. ಸುಮಿತಾ ಮೈಕ್ ಗಟ್ಟಿಯಾಗಿ ಹಿಡಿದು, ಇನ್ನೂ ಕೆಟ್ಟದಾಗಿ ಕಿರುಚಿ ಉತ್ತರ ಕೊಟ್ಟಳು. ಚಲಪತಿ ನಕ್ಕು ನಕ್ಕು ಕುರ್ಚಿ ಹಿಡ್ಕೊಂಡ. ಅಜ್ಜಿ ಅವಳ ಗಲ್ಲ ಹಿಡಿದು, "ದೀನಿಕಿ ಧೈರ್ಯಮು ಉಂದಿ! ಧೈರ್ಯಗಾತಿ ಇವ್ಳು, ಇವ್ಳೇ ನಮ್ಮುಡುಗಿ" ಅಂದ್ರು.

ಗೆದ್ದುಬಿಟ್ಟಳು. ನನ್ನ ದನಿ ಒಡೆದಾಗ ನನ್ನ ನೋಡಿ ನಕ್ಕ ಲೋಕ, ಅವಳು ಕೆಟ್ಟದಾಗಿ ಹಾಡಿದ್ರೆ ಜೊತೆಗೂಡಿ ನಗುತ್ತೆ. ಮೈಸೂರ್ ಪಾಕ್ ಕಲ್ಲಿನ ಥರ.

ಆಮೇಲೆ ಸ್ಟೇಜ್ ಹಿಂದೆ. ಇವರ ಆರ್ಕೆಸ್ಟ್ರಾದ ಕೀಬೋರ್ಡ್ ಸೆಲ್ವರಾಜ್ ತಲೆ ಚಚ್ಚಿಕೊಂಡ. "ಅಯ್ಯಯ್ಯೋ ಅಣ್ಣಾ, ಟ್ಯೂನಿಂಗ್ ಪೋಚ್ಚು, ಹೋಯ್ತು! ಅದಿಲ್ದೆ ಈ ಸುಮಿತಾನ ಹೆಂಗಣ್ಣ ಹಾಡಕ್ಕೆ ಬಿಟ್ಟೆ?"

ಸುಮಿತಾ ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸ್ಕೊಂಡಳು.

"ಎಷ್ಟು ವರ್ಷದಿಂದ್ಲಾ?" ಅಣ್ಣನಿಗೆ ಲಾ ಅಂದಿದ್ದು ಇದೇ ಮೊದಲಂತೆ.

ಇವರು ಮೈಕಿನ ವೈರ್ ಸುತ್ತೋಕೆ ಶುರುಮಾಡಿದ್ರು.

"ಮತ್ತೆ ಇವತ್ತೇ ಯಾಕ್ ತೆಗ್ದೆ? ಇವತ್ತೇ?"

ಇವರು ಲ್ಯಾಪ್‌ಟಾಪ್ ನೋಡಿದ್ರು. ಹೊಸ ಸ್ಕ್ರೀನ್. ಆಮೇಲೆ ನನ್ನ ನೋಡಿದ್ರು, ಒಂದೇ ಸಲ.

"ನಾನೇ ಅಪ್‌ಗ್ರೇಡ್ ಮಾಡ್ದೆ. ಫ್ರೀ ಇತ್ತಲ್ಲ... ಗೊತ್ತಾಗ್ಲಿಲ್ಲ."

2 ಡಿಸೆಂಬರ್

ಇವರು ನನ್ನ ಬೈದಿಲ್ಲ. ಬೈದಿದ್ರೆ ಕಾಲು ಹಿಡೀತಿದ್ದೆ, ಅಥವಾ ಜಗಳ ಆಡ್ತಿದ್ದೆ. ಕಾಫಿ ಕೊಟ್ಟೆ. ಹೆಡ್‌ಫೋನ್ ಕತ್ತಲ್ಲಿ ಸುಮ್ಮನೆ ನೇತಾಡ್ತಿತ್ತು. ಏನೂ ಕೇಳ್ತಿರಲಿಲ್ಲ.

"ಹೊಸ ವರ್ಷನ್ ಚೆನ್ನಾಗಿದೆಯಾ ಬಿಂದು?" ಅಂದ್ರು. ಅಷ್ಟೇ.

ಸುಮಿತಾ ಅಣ್ಣನ ಜೊತೆ ಮಾತು ಬಿಟ್ಟಿದ್ದಾಳೆ. ಇವರು ಊಟಕ್ಕೆ ಕೂತ್ರೆ ತಟ್ಟೆ ಎತ್ಕೊಂಡು ಎದ್ದುಹೋಗ್ತಾಳೆ. ನನ್ನ ಹತ್ತಿರ ಮಾತ್ರ ಜೇನು! ನನ್ನ ರೂಮಿಗೆ ಬಂದು ಮಂಚದ ಮೇಲೆ ಕೂತು ಅತ್ತಳು. "ಅತ್ತಿಗೆ, ಸುಳ್ಳ ಅವ್ನು. ನನ್ನ ಗೊಂಬೆ ಥರ ಕುಣಿಸ್ದ. ನೀವೊಬ್ರೇ ನಂಗೆ." ಮಡಿಲಲ್ಲಿ ತಲೆ ಇಟ್ಟಳು. ಅವಳ ಕೂದಲು ಸವರಬೇಕಾಯ್ತು. ಸವರುತ್ತಾ ಯೋಚಿಸಿದೆ. ನನಗೆ ಬೇಕಿದ್ದಿದ್ದು ಇದೇ ಕಣ್ಣೀರು. ಬಂದು ನನ್ನ ಸೀರೆಯಲ್ಲೇ ಇಂಗ್ತಿದೆ.

5 ಡಿಸೆಂಬರ್

ಮದುವೇಲಿ ಧಾರೆಗೆ ಅಣ್ಣ ನಿಲ್ಲೋದು ಬೇಡ, ಚಿಕ್ಕಪ್ಪ ನಿಲ್ಲಲಿ ಅಂದಳಂತೆ ಸುಮಿತಾ. ಅತ್ತೆ ಅಡುಗೆಮನೇಲಿ ಕಣ್ಣೊರೆಸ್ಕೊಂಡು ಹೇಳಿದ್ರು. ಅಪ್ಪನ ಜಾಗದಲ್ಲಿ ನಿಂತು ತಂಗಿಯನ್ನ ಧಾರೆ ಎರೀಬೇಕು ಅಂತ ಇವರು ಆಗಲೇ ಪಂಚೆ ತಂದಿಟ್ಟಿದ್ದಾರೆ. ಬೀರು ತೆಗೆದಾಗ ಕಂಡಿತು.

ಸುಮಿತಾ ಈಗ ಮಾಳಿಗೆ ಮೇಲೆ ಹಾಡ್ತಿದಾಳೆ. ಮೈಕ್ ಇಲ್ಲದೆ. ಕರ್ಣಕಠೋರ. ನಿಲ್ಲಿಸ್ತಾನೂ ಇಲ್ಲ.

ಬಟನ್ ಒತ್ತಿದ್ದು ನಾನೇ ಅಂತ ಹೇಳಿದ್ರೆ ಅವಳ ಮುಂದೆ ಜೀವಮಾನ ಪೂರ್ತಿ ತಲೆ ತಗ್ಗಿಸಬೇಕು. ಇಡೀ ಉರಿಗಾಂಗೆ ಹೇಳ್ತಾಳೆ, ಅವಳ ಬಾಯಿ ನನಗೆ ಗೊತ್ತಿಲ್ವಾ? ಹೇಳಲಿ. ಮೇಲೆ ಹೋಗ್ತಿದ್ದೀನಿ. ನನ್ನ ಏನು ಬೇಕಾದ್ರೂ ಅನ್ನಲಿ, ಕೇಳಿಸ್ಕೋತೀನಿ. ಆದ್ರೆ ಇವರನ್ನ ಇನ್ನೊಂದು ಸಲ ಸುಳ್ಳ ಅಂದ್ರೆ, ಆ ಮಾಳಿಗೆ ಮೇಲೇ ಅವಳ ಜುಟ್ಟು ಹಿಡಿದು...